ಅಜ್ಜಿಯ ತವರು ಯಾವುದು?



ಲಂಡನ್ ಮಿಷನ್ನಿನ ಪಾದ್ರಿ ವಿಲಿಯಂ ಬಾನ್ ಆಡಿಸ್ 1830ರಲ್ಲಿ ಕೊಯಮತ್ತೂರಿಗೆ ಬಂದು ನೆಲಸಿದರು. ಮಗ ಚಾರ್ಲ್ಸ್ ಸಹ ತಂದೆಯ ಸೇವೆಯನ್ನೇ ಹಿಡಿದರು. ಇಂತಹ ಆಂಗ್ಲ ಪಾದ್ರಿ ಮನೆತನಗಳ ವಂಶವನ್ನು ಇಂದಿಗೂ ಹುಡುಕಿ ತೆಗೆಯಬಹುದು. ಮದ್ರಾಸ್ ಪ್ರಾಂತ್ಯದ ಚರ್ಚುಗಳ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳ ದಾಖಲೆಯ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಹುಡುಕುವ ಕ್ರಮ ಸರಳವಾದುದು. ಶವಸಂಸ್ಕಾರದ ದಾಖಲೆಯಲ್ಲಿರುವ ವಯಸ್ಸನ್ನು ಕಳೆದರೆ ಹುಟ್ಟಿದ ವರ್ಷ ತಿಳಿಯುತ್ತದೆ. ಆ ಕಾಲದ ಜ್ಞಾನಸ್ನಾನದ ಪುಟದಲ್ಲಿ ತಂದೆತಾಯಿಯರ ಹೆಸರೂ ತಂದೆಯ ಉದ್ಯೋಗವೂ ದೊರೆಯುತ್ತವೆ. ತಾಯಿಯ ತವರು ಮನೆತನದ ಹೆಸರು ಮಾತ್ರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಅದಕ್ಕೆ ವಿವಾಹದ ಪುಟವನ್ನೇ ತೆರೆಯಬೇಕು.

ನಮ್ಮಲ್ಲಿ ಆ ಪುಟವೂ ಇಲ್ಲ. ತಂದೆಯ ಕಡೆಯ ನಾಲ್ಕು ತಲೆಮಾರುಗಳನ್ನು ಹೇಳಬಲ್ಲವರೂ ಅಜ್ಜಿಯ ತವರೂರನ್ನು ಕೇಳಿದರೆ ತಡವರಿಸುತ್ತಾರೆ. ಕೊಳ್ಳೇಗಾಲ ತಾಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಅದಕ್ಕೂ ಮೊದಲು ಅಲ್ಲಿಂದ ಈ ಊರುಗಳಿಗೆ ಬಂದ ಸೊಸೆ ಜಿಲ್ಲೆಯನ್ನೇ ದಾಟಿರಲಿಲ್ಲ. ಇಂದು ಅವಳ ತವರು ಬೇರೆ ರಾಜ್ಯ. ಆ ಕೊಂಡಿಯನ್ನು ಬಲ್ಲವರು ಮನೆಯ ಹಿರಿಯ ಹೆಂಗಸರು ಮಾತ್ರ.

ಮುಂದಿನ ಹಬ್ಬಕ್ಕೆ ಎಲ್ಲರೂ ಕೂಡಿದಾಗ ನೋಟುಪುಸ್ತಕ ಹಿಡಿದು ಅವರ ಬಳಿ ಕುಳಿತುಕೊಳ್ಳಿ. ಹೆಸರು, ತವರೂರು, ಮದುವೆಯಾದ ವರ್ಷ, ಇಷ್ಟನ್ನು ಬರೆದುಕೊಳ್ಳಿ. ವರ್ಷ ನೆನಪಿಲ್ಲದಿದ್ದರೆ ಆಗಿನ ಬರವನ್ನೋ ಜಾತ್ರೆಯನ್ನೋ ಕೇಳಿ ಗುರುತು ಹಾಕಿರಿ. ಹೆಣ್ಣುಮಕ್ಕಳ ಹೆಸರನ್ನೂ ಗಂಡುಮಕ್ಕಳ ಸಾಲಿನಲ್ಲಿಯೇ ಬರೆಯುವುದನ್ನು ಮರೆಯಬೇಡಿ.