ಒಂದು ಪ್ರತಿ ಬೀರುವಿನಲ್ಲಿರಲಿ: ಬಳ್ಳಾರಿ ಸೀಮೆಯ ಕಂಪ್ಯೂಟರ್ ಬಳಕೆದಾರರಲ್ಲಿ ಮನವಿ

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಬಂಧುಗಳೇ,

ನಿಮ್ಮ ಕಂಪ್ಯೂಟರಿನಲ್ಲಿರುವ ಲೆಕ್ಕಪತ್ರ, ಫೋಟೊ, ದಾಖಲೆಗಳ ಒಂದು ಪ್ರತಿಯನ್ನು ಈ ವಾರವೇ ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದುಕೊಳ್ಳಿ. ಆಮೇಲೆ ಆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಮುಂದೆ ಬರೆದಿರುವುದನ್ನೆಲ್ಲ ಮರೆತರೂ ಇದೊಂದನ್ನು ಮಾಡಿ.

ರ‍್ಯಾನ್ಸಮ್‌ವೇರ್ ಎಂಬ ಪಿಡುಗಿನ ಹೆಸರನ್ನು ನೀವು ಕೇಳಿರುತ್ತೀರಿ. ಅದು ಕಂಪ್ಯೂಟರಿನೊಳಗೆ ಹೊಕ್ಕು ಒಂದೊಂದು ಫೈಲಿಗೂ ಬೀಗ ಹಾಕುತ್ತದೆ. ಕೀಲಿ ಎಲ್ಲೋ ದೂರದಲ್ಲಿ ಕುಳಿತ ಕಳ್ಳನ ಕೈಯಲ್ಲಿರುತ್ತದೆ. ಹಣ ಕೊಟ್ಟರೆ ಕೀಲಿ ಕೊಡುತ್ತೇನೆ ಎನ್ನುತ್ತಾನೆ. ದೊಡ್ಡ ಕಂಪನಿಗಳಿಗೆ ಬರುವ ಕಾಟ ಇದು, ನಮ್ಮ ಜೆರಾಕ್ಸ್ ಅಂಗಡಿಗೆ ಯಾಕೆ ಬರುತ್ತದೆ ಎನ್ನುವವರು ನಮ್ಮಲ್ಲಿ ಬಹಳ. ಆದರೆ 2017ರ ಮೇ 12ರಂದು ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ 150ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದಾಗ ಪಕ್ಕದ ಆಂಧ್ರದ ಪೊಲೀಸ್ ಇಲಾಖೆಯ ಕಂಪ್ಯೂಟರುಗಳಿಗೂ ಬೀಗ ಬಿತ್ತು, ನಾವು ವರ್ಷಕ್ಕೊಮ್ಮೆಯಾದರೂ ಹೋಗಿಬರುವ ತಿರುಪತಿಯ ದೇವಸ್ಥಾನದ ಆಡಳಿತ ಕಚೇರಿಯ ಕೆಲವು ಕಂಪ್ಯೂಟರುಗಳಿಗೂ ಬಿತ್ತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇಂಥದೇ ದಾಳಿಯಿಂದ 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆ ದಿನಗಟ್ಟಲೆ ಪೆನ್ನು ಕಾಗದದಲ್ಲಿ ಚೀಟಿ ಬರೆಯಬೇಕಾಯಿತು. 2024ರ ಜುಲೈ ಕೊನೆಯಲ್ಲಿ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಎಂಬ ಒಂದು ಕಂಪನಿಗೆ ಇದು ತಗುಲಿದ್ದಕ್ಕೆ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ನಿಂತಿತು.

ಇವು ಪತ್ರಿಕೆಗೆ ಬಂದ ಸುದ್ದಿಗಳು. ನನ್ನ ಕಳಕಳಿ ಪತ್ರಿಕೆಗೆ ಬಾರದವುಗಳ ಬಗ್ಗೆ. ಮನೆಯ, ಸಣ್ಣ ಅಂಗಡಿಯ ಕಂಪ್ಯೂಟರುಗಳನ್ನು ಅತಿ ಹೆಚ್ಚು ಕಾಡಿರುವುದು ಸ್ಟಾಪ್ ಅಥವಾ ಡಿಜೆವಿಯು ಎಂಬ ತಳಿ. 2018ರಿಂದೀಚೆಗೆ ಅದರ ನೂರಾರು ರೂಪಗಳು ಬಂದಿವೆ. ಅದು ಬರುವ ದಾರಿ ನಮ್ಮ ಊರುಗಳಿಗೆ ಚೆನ್ನಾಗಿ ಪರಿಚಯವಿದೆ. ಕ್ರ್ಯಾಕ್ ಮಾಡಿದ ಫೋಟೊಶಾಪ್, ಪುಕ್ಕಟೆ ವಿಂಡೋಸ್ ಆ್ಯಕ್ಟಿವೇಟರ್, ಎಲ್ಲಿಂದಲೋ ಇಳಿಸಿದ ಆಟ, ಇವುಗಳ ಬೆನ್ನೇರಿ ಬರುತ್ತದೆ.

ಸ್ಟುಡಿಯೊ ಇಟ್ಟವರು, ಡಿಟಿಪಿ ಮಾಡುವವರು, ಕೌಲ್‌ಬಜಾರಿನ ಜೀನ್ಸ್ ಘಟಕಗಳಲ್ಲಿ ಡಿಸೈನ್ ಬಿಡಿಸುವವರು, ಕೊನೆಯ ವರ್ಷದ ಪ್ರಾಜೆಕ್ಟ್ ಬರೆಯುವ ವಿದ್ಯಾರ್ಥಿಗಳು ಒಮ್ಮೆ ಎದೆ ಮುಟ್ಟಿ ಯೋಚಿಸಿ. ನಿಮ್ಮ ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರುಗಳಲ್ಲಿ ದುಡ್ಡು ಕೊಟ್ಟು ತಂದವು ಎಷ್ಟು? “ಒರಿಜಿನಲ್ ಯಾರ್ ತಗೊಂತಾರ್ ಸಾರ್, ನಾ ಹಾಕಿ ಕೊಡ್ತೀನಿ” ಎನ್ನುವ ಸರ್ವಿಸ್ ಹುಡುಗ ಕೆಟ್ಟವನಲ್ಲ. ನಿಮಗೆ ಉಪಕಾರವಾಗಲಿ ಎಂದೇ ಮಾಡುತ್ತಾನೆ. ಆದರೆ ಆ ಕ್ರ್ಯಾಕ್ ಫೈಲು ಮೊದಲು ಕೇಳುವುದೇ ಆಂಟಿವೈರಸ್ ಆಫ್ ಮಾಡಿ ಅಂತ. ಕಾವಲುಗಾರನನ್ನು ಮನೆಗೆ ಕಳಿಸಿದ ಮೇಲೆ ಒಳಗೆ ಬಂದವರು ಯಾರು ಎಂದು ಕೇಳುವವರೇ ಇರುವುದಿಲ್ಲ.

ಸರ್ವಿಸ್ ಅಂಗಡಿಗಳ ತಮ್ಮಂದಿರೇ, ಅದಕ್ಕೇ ನಿಮ್ಮನ್ನು ಕೈಮುಗಿದು ಕೇಳುತ್ತೇನೆ, ಕ್ರ್ಯಾಕ್ ಹಾಕುವುದನ್ನು ನಿಲ್ಲಿಸಿ. ಗಿರಾಕಿ ದುಡ್ಡಿಲ್ಲ ಎಂದರೆ ಕನ್ನಡ ಟೈಪಿಂಗಿಗೆ ಪುಕ್ಕಟೆ ಸಿಗುವ ನುಡಿ ಇದೆ, ಕಾಗದಪತ್ರಕ್ಕೆ ಲಿಬ್ರೆಆಫೀಸ್ ಇದೆ, ಚಿತ್ರ ತಿದ್ದಲು ಗಿಂಪ್ ಇದೆ. ಮೊದಲ ಒಂದು ವಾರ ಕೈಗೆ ಕೂಡುವುದಿಲ್ಲ, ಆಮೇಲೆ ಕೂಡುತ್ತದೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್ಸನ್ನು ಆಫ್ ಮಾಡಬೇಡಿ. ಬೇಕಾದ ಫೋಲ್ಡರುಗಳನ್ನು ಅಪರಿಚಿತ ಪ್ರೋಗ್ರಾಮುಗಳು ಮುಟ್ಟದಂತೆ ತಡೆಯುವ ಸೌಲಭ್ಯವೂ ಅದರಲ್ಲಿದೆ, ಅದನ್ನು ಗಿರಾಕಿಗೆ ಹಾಕಿಕೊಡಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ರಕ್ಷಣೆಯ ಅಪ್‌ಡೇಟುಗಳು ನಿಂತವು, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದನ್ನೂ ಗಿರಾಕಿಗಳಿಗೆ ಬಾಯಿಬಿಟ್ಟು ಹೇಳಿ.

ಸಿರುಗುಪ್ಪ, ತೆಕ್ಕಲಕೋಟೆಯ ರೈಸ್‌ಮಿಲ್ ಮಾಲೀಕರಿಗೆ ಬೇರೊಂದು ಮಾತು. ಮಿಲ್ಲಿನ ಟ್ಯಾಲಿಯನ್ನು ಬಳ್ಳಾರಿಯ ಮನೆಯಿಂದಲೇ ನೋಡಲು ರಿಮೋಟ್ ಡೆಸ್ಕ್‌ಟಾಪ್ ಹಾಕಿಸಿಕೊಳ್ಳುವವರಿದ್ದಾರೆ. ಅದನ್ನು ಸುಲಭದ ಪಾಸ್‌ವರ್ಡ್ ಇಟ್ಟು ನೇರ ಇಂಟರ್‌ನೆಟ್ಟಿಗೆ ತೆರೆದಿಟ್ಟರೆ, ಅಂಥ ಬಾಗಿಲುಗಳನ್ನೇ ಹಗಲೂ ರಾತ್ರಿ ತಟ್ಟುತ್ತಾ ತಿರುಗುವ ಕಳ್ಳರಿದ್ದಾರೆ. ಫೋಬೋಸ್, ಧರ್ಮ ಎಂಬ ತಳಿಗಳು ಹೆಚ್ಚಾಗಿ ಹೀಗೇ ನುಗ್ಗಿದವು. ಈ ಕಳ್ಳರು ಬರುವುದು ಹೆಚ್ಚಾಗಿ ರಾತ್ರಿ ಅಥವಾ ರಜಾದಿನ, ಯಾರೂ ಪರದೆಯ ಮುಂದೆ ಇಲ್ಲದಾಗ. ಬಾಗಿಲು ಬೇಕೇಬೇಕೆಂದರೆ ವಿಪಿಎನ್ ಎಂಬ ಖಾಸಗಿ ದಾರಿಯ ಮೂಲಕ ಮಾತ್ರ ಇರಲಿ. ಟ್ಯಾಲಿ ಬ್ಯಾಕಪ್ಪನ್ನು ಅದೇ ಕಂಪ್ಯೂಟರಿನ ಡಿ ಡ್ರೈವಿನಲ್ಲಿ ಇಡುವುದು ಬ್ಯಾಕಪ್ ಅಲ್ಲ. ಸಿ ಡ್ರೈವಿಗೆ ಬಿದ್ದ ಬೀಗ ಡಿ ಡ್ರೈವಿಗೂ ಬೀಳುತ್ತದೆ. ಕುರುಗೋಡಿನ ಮೆಣಸಿನಕಾಯಿ ವ್ಯಾಪಾರಿಗಳಿಗೂ ಇದೇ ಮಾತು, ಜೊತೆಗೆ ಇನ್ನೊಂದು. ಮೇಲ್ ಅಥವಾ ವಾಟ್ಸ್‌ಆ್ಯಪಿನಲ್ಲಿ ಬಂದ ಬಿಲ್ಲು ತೆರೆಯುವ ಮುನ್ನ ಹೆಸರಿನ ಕೊನೆ ನೋಡಿ. ಪಿಡಿಎಫ್ ಆದ ಮೇಲೆ ಮತ್ತೊಂದು ಚುಕ್ಕಿ ಇಟ್ಟು ಇಎಕ್ಸ್‌ಇ ಎಂದಿದ್ದರೆ ಅದು ಬಿಲ್ಲಲ್ಲ, ಪ್ರೋಗ್ರಾಮು. ವಿಂಡೋಸ್ ಆ ಕೊನೆಯ ಭಾಗವನ್ನು ಮುಚ್ಚಿಟ್ಟಿರುತ್ತದೆ. ಫೋಲ್ಡರ್ ಸೆಟ್ಟಿಂಗಿನಲ್ಲಿ ಅದನ್ನು ಕಾಣುವಂತೆ ಮಾಡಿಸಿಕೊಳ್ಳಿ.

ಹಾಗಾದರೆ ತಗುಲಿದೆ ಎಂದು ತಿಳಿಯುವುದು ಹೇಗೆ? ಫೋಟೊಗಳ ಚಿಕ್ಕಚಿತ್ರ ಹೋಗಿ ಬಿಳಿ ಹಾಳೆಯ ಗುರುತು ಬರುತ್ತದೆ. ಫೈಲಿನ ಹೆಸರಿನ ಕೊನೆಗೆ ನೀವು ಇಡದ ನಾಲ್ಕಾರು ಅಕ್ಷರ ಅಂಟಿರುತ್ತವೆ. ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಪತ್ರ ಬಿದ್ದಿರುತ್ತದೆ. ಡಿಜೆವಿಯು ತಳಿ ಬೀಗ ಹಾಕುತ್ತಿರುವಾಗ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆ ಎಂಬ ಸುಳ್ಳು ಪರದೆ ತೋರಿಸಿದ್ದುಂಟು, ಕಂಪ್ಯೂಟರ್ ಯಾಕೆ ನಿಧಾನವಾಗಿದೆ ಎಂದು ನಾವು ಕೇಳದಿರಲಿ ಅಂತ.

ಆ ಕ್ಷಣ ಮಾಡಬೇಕಾದ್ದು ಇಷ್ಟು. ನೆಟ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ, ಚುಚ್ಚಿರುವ ಪೆನ್‌ಡ್ರೈವ್ ಹೊರತೆಗೆಯಿರಿ. ಫೈಲುಗಳು ಇನ್ನೂ ಬದಲಾಗುತ್ತಲೇ ಇದ್ದರೆ ಪವರ್ ಬಟನ್ ಒತ್ತಿಹಿಡಿದು ಆರಿಸಿಬಿಡಿ. ಅದಕ್ಕೆ ಮೊದಲು ಪರದೆಯ ಸೂಚನೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಎಂದು ನಿಮ್ಮ ಒಂದೇ ಒಂದು ಬ್ಯಾಕಪ್ ಡಿಸ್ಕನ್ನು ಗಾಬರಿಯಲ್ಲಿ ಆ ಕಂಪ್ಯೂಟರಿಗೆ ಚುಚ್ಚಬೇಡಿ. ಡಿಜೆವಿಯು ಕೆಲವೇ ನಿಮಿಷಗಳಿಗೊಮ್ಮೆ ಮತ್ತೆ ಎದ್ದು ಹೊಸ ಫೈಲುಗಳನ್ನು ಹುಡುಕುತ್ತದೆ. ಡಿಸ್ಕಿನಲ್ಲಿದ್ದದ್ದೂ ಹೋಗುತ್ತದೆ.

ವೈರಸ್ ತೆಗೆಯುವುದು ಬೇರೆ, ಫೈಲು ಮರಳಿ ಪಡೆಯುವುದು ಬೇರೆ. ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನಿನಿಂದಲೋ, ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಪುಕ್ಕಟೆ ಕೊಡುವ ಉಪಕರಣಗಳಿಂದಲೋ ವೈರಸ್ಸನ್ನು ಓಡಿಸಬಹುದು, ಬೀಗ ಮಾತ್ರ ಹಾಗೇ ಉಳಿಯುತ್ತದೆ. ನಮ್ಮಲ್ಲಿ ಆಗುವ ದೊಡ್ಡ ನಷ್ಟ ಇಲ್ಲೇ. ಅಂಗಡಿಗೆ ಒಯ್ಯುತ್ತೇವೆ, ಅವರು ಫಾರ್ಮ್ಯಾಟ್ ಹೊಡೆದು ಸಂಜೆಯೊಳಗೆ ಹೊಸದಾಗಿ ಮಾಡಿ ಕೊಡುತ್ತಾರೆ. ಫಾರ್ಮ್ಯಾಟ್ ಮಾಡಿಸಿ, ಅದೇ ಸರಿಯಾದ ಶುದ್ಧಿ. ಆದರೆ ಅದಕ್ಕೆ ಮೊದಲು ಬೀಗಬಿದ್ದ ಫೈಲುಗಳನ್ನೂ ಆ ರೀಡ್‌ಮಿ ಪತ್ರವನ್ನೂ ಬೇರೊಂದು ಖಾಲಿ ಡಿಸ್ಕಿಗೆ ತೆಗೆಸಿಡಿ. ಇವತ್ತು ಇಲ್ಲದ ಕೀಲಿ ನಾಳೆ ಬರಬಹುದು. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಸಂಸ್ಥೆ ಡಿಜೆವಿಯುವಿನ 148 ರೂಪಗಳ ಬೀಗ ತೆಗೆಯುವ ಉಪಕರಣವನ್ನು ಪುಕ್ಕಟೆ ಕೊಟ್ಟಿತು. ಫೈಲುಗಳನ್ನು ಕಾಯ್ದಿಟ್ಟವರಿಗಷ್ಟೇ ಅದು ದಕ್ಕಿತು. ಯುರೋಪೋಲ್ ಮತ್ತು ಡಚ್ ಪೊಲೀಸರು 2016ರಲ್ಲಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಒಂದು ಫೈಲು ಹಾಕಿದರೆ ಯಾವ ತಳಿ, ಕೀಲಿ ಇದೆಯೇ ಎಂದು ತಿಳಿಯುತ್ತದೆ. ಇನ್ನೊಂದು ವಿಷಯ, ಡಿಜೆವಿಯು ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮುಗಳೂ ಬಂದದ್ದಿದೆ. ಬೇರೆ ಮೊಬೈಲಿನಿಂದ ಬ್ಯಾಂಕು, ಮೇಲ್, ಜಿಎಸ್‌ಟಿ ಪಾಸ್‌ವರ್ಡುಗಳನ್ನು ಅಂದೇ ಬದಲಿಸಿ.

ಹಣ ಕೊಡಬೇಡಿ. ಡಿಜೆವಿಯು ತಳಿಯ ಕಳ್ಳರು ಬಹುಕಾಲ ಕೇಳಿದ್ದು 980 ಡಾಲರ್, 72 ಗಂಟೆಯೊಳಗಾದರೆ ಅರ್ಧ. ಆ ಅರ್ಧವೇ ಇವತ್ತಿನ ಲೆಕ್ಕದಲ್ಲಿ 40 ಸಾವಿರ ರೂಪಾಯಿಗೂ ಮೇಲೆ. ಆ ಗಡುವು ನಿಮ್ಮ ಬುದ್ಧಿ ಕೆಲಸ ಮಾಡದಿರಲಿ ಎಂದು ಇಟ್ಟದ್ದು. ಕೊಟ್ಟವರಿಗೆಲ್ಲ ಕೀಲಿ ಸಿಕ್ಕಿಲ್ಲ. ಗ್ಯಾರಂಟಿ ಬಿಡಿಸಿಕೊಡುತ್ತೇವೆ ಎಂದು ಮುಂಗಡ ಕೇಳುವ ಆನ್‌ಲೈನ್ ‘ರಿಕವರಿ’ಯವರನ್ನೂ ನಂಬಬೇಡಿ.

ದೂರು ಕೊಡಲು ನಾಚಬೇಡಿ. ಕ್ರ್ಯಾಕ್ ಸಾಫ್ಟ್‌ವೇರ್ ಇತ್ತಲ್ಲ, ಕೇಳಿದರೆ ಏನು ಹೇಳಲಿ ಎಂಬ ಅಳುಕಿನಿಂದಲೇ ಎಷ್ಟೋ ಜನ ಸುಮ್ಮನಾಗುತ್ತಾರೆ. ಬಳ್ಳಾರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇಂಥ ದೂರುಗಳನ್ನು ತೆಗೆದುಕೊಳ್ಳುತ್ತದೆ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲ್ ಇದೆ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ, ಬಳ್ಳಾರಿ ಜಿಲ್ಲಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಯವರಲ್ಲಿ, ಆರ್‌ವೈಎಂಇಸಿ, ಬಿಐಟಿಎಂ ಕಾಲೇಜುಗಳ ಗುರುಗಳಲ್ಲಿ ಒಂದು ಕೋರಿಕೆ. ನಿಮ್ಮ ಕಂಪ್ಯೂಟರ್ ಸೈನ್ಸ್ ಮಕ್ಕಳನ್ನು ಒಂದೊಂದು ಭಾನುವಾರ ಸಿರುಗುಪ್ಪಕ್ಕೆ, ಕುರುಗೋಡಿಗೆ, ಕೌಲ್‌ಬಜಾರಿಗೆ ಕಳಿಸಿಕೊಡಿ. ಅಂಗಡಿಯವರು ಹಾರ್ಡ್‌ಡಿಸ್ಕ್ ತಂದಿಟ್ಟಿರಲಿ. ಮೊದಲ ಬ್ಯಾಕಪ್ ಹುಡುಗರೇ ಪಕ್ಕದಲ್ಲಿ ಕೂತು ಮಾಡಿಸಲಿ, ಅದರಿಂದ ಒಂದು ಫೈಲನ್ನು ಮರಳಿ ತೆರೆದು ತೋರಿಸಲಿ, ಎರಡನೆಯದನ್ನು ಅಂಗಡಿಯವರ ಕೈಯಿಂದಲೇ ಮಾಡಿಸಲಿ.