ಬರ್ಲಿ, ಬರ್ಲಿ!

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಎರಡು ಕಂಬಗಳ ನಡುವೆ ನನ್ನ ಕಾರಿನ ಜಾಗ. ಮೂತಿ ಮೊದಲು ನುಗ್ಗಿಸೋದೇನೋ ಸುಲಭ. ಆದ್ರೆ ಬೆಳಿಗ್ಗೆ ರಿವರ್ಸಲ್ಲೇ ಹೊರಬರಬೇಕು, ಸ್ಕೂಲ್ ವ್ಯಾನಿಗೆ ಮಕ್ಕಳು ಓಡೋ ಹೊತ್ತಲ್ಲಿ! ಅದಕ್ಕೇ ಸಂಜೆಯೇ ರಿವರ್ಸಲ್ಲಿ ನಿಲ್ಲಿಸೋದು ಕಲಿತೆ.

ಹಿಂಭಾಗ ಎಡಕ್ಕೆ ಹೋಗಬೇಕಾ? ಸ್ಟೀರಿಂಗೂ ಎಡಕ್ಕೇ. ಆಗ ಮೂತಿ ಬಲಕ್ಕೆ ಬೀಸುತ್ತೆ. ಅದನ್ನು ಹಿಂದಿನ ಕ್ಯಾಮೆರಾ ತೋರಿಸಲ್ಲ. 2019ರ ಜುಲೈಯಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ, ಸರಿ. ಆದ್ರೆ ಅದರ ಗಮನವೆಲ್ಲ ಹಿಂದಿನ ಗೋಡೆ ಕಡೆ. ಬಾಗಿಲ ಪಕ್ಕದ ಕಂಬ ನಾವೇ ನೋಡ್ಕೋಬೇಕು. ನಾನು ಕನ್ನಡಿಗಳನ್ನೇ ನಂಬೋದು. ಎರಡರಲ್ಲೂ ಬಿಳಿಗೆರೆ ಕಾರಿಗೆ ಸಮನಾಗಿ ಕಂಡ ಕೂಡಲೇ ಸ್ಟೀರಿಂಗ್ ನೇರ.

ವಾಚ್‌ಮನ್ ಅಣ್ಣ ಹಿಂದೆ ನಿಂತು “ಬರ್ಲಿ, ಬರ್ಲಿ” ಅಂತಾನೇ ಇರ್ತಾರೆ. ಅವರು ಕನ್ನಡಿಯಿಂದ ಮಾಯವಾದ್ರೆ, ಬ್ರೇಕ್.