ಹಳೇ ಗಾಡಿಯ ಬೆನ್ನಿಗೆ ಇನ್ನೊಂದು ಪಟ್ಟಿ ಸಾಕೇ?

2014ಕ್ಕೇ ತಯಾರಿ ನಿಂತ ಅಂಬಾಸಿಡರ್ ಇರಲಿ, ಹಳೇ ಜೀಪಿರಲಿ, ಹಿಂಭಾಗ ಕುಸಿದರೆ ನಮ್ಮ ಗಟ್ಟು ಕಡೆ ಹೇಳೋದು ಒಂದೇ ಮದ್ದು: ಇನ್ನೊಂದು ಕಮಾನು ಪಟ್ಟಿ ಹಾಕ್ಸು. ಈ ಮದ್ದು ಅರ್ಧ ಮಾತ್ರ ಸರಿ ಅಂತ ನಮ್ಮ ಪ್ರೌಢಶಾಲೆ ಮಕ್ಕಳಿಗೆ ಗೊತ್ತಾಗಬೇಕು.

ಒಂದೇ ದಪ್ಪದ ಐದು ಪಟ್ಟಿಗೆ ಆರನೆಯದು ಸೇರಿದರೆ ಬಿಗಿತ ಸುಮಾರು 20% ಏರುತ್ತದೆ. ಹತ್ತಿಬೀಜದ ಮೂಟೆ ಹೇರಿದಾಗ ಅನುಕೂಲವೇ. ಖಾಲಿ ಬರುವಾಗ? ಗುಂಡಿ ಸಿಕ್ಕಲ್ಲೆಲ್ಲ ಹಿಂದಿನ ಚಕ್ರ ಪುಟಿಯುತ್ತದೆ. ಈ ಗಾಡಿಗಳನ್ನು ಮುಂದೆ ತಳ್ಳುವುದೇ ಆ ಚಕ್ರ. ಅದು ನೆಲ ಬಿಟ್ಟಷ್ಟು ಹೊತ್ತು ಎಂಜಿನ್ನಿಗೂ ಹಿಡಿತವಿಲ್ಲ, ಹಿಂದಿನ ಬ್ರೇಕಿಗೂ ಇಲ್ಲ. ಅದಕ್ಕೇ ಹೊಂದಿಸಿಕೊಳ್ಳುವ ಏರ್ಪಾಡು ಮೇಲು ಅಂತ ನನ್ನ ಮತ: ಹೊರೆಗೆ ತಕ್ಕಷ್ಟು ಗಾಳಿ ತುಂಬುವ ಚೀಲ, ಪುಟಿತಕ್ಕೆ ತಕ್ಕಂತೆ ತಿರುಗಿಸುವ ಶಾಕ್ ಅಬ್ಸಾರ್ಬರ್. ಎರಡರ ಕೆಲಸ ಬೇರೆ ಬೇರೆ. ಅಬ್ಸಾರ್ಬರ್ ಬಿಗಿ ಮಾಡಿದ್ರೆ ಕುಸಿದ ಗಾಡಿ ಮೇಲೇಳೋದಿಲ್ಲ; ಅದು ಪುಟಿತ ತಣಿಸುತ್ತದೆ ಅಷ್ಟೇ.

ಹುಕ್ 1678ರಲ್ಲಿ ವಿವರಿಸಿದ ನಿಯಮವನ್ನು ನಾವು ಇನ್ನೂ ಸ್ಟ್ಯಾಂಡಿಗೆ ನೇತುಹಾಕಿದ ಸುರುಳಿಯಲ್ಲೇ ಮುಗಿಸುತ್ತೇವೆ. ಊರಲ್ಲಿ ಜೀಪಿಗೇನು ಬರವೇ? ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿಸಿ, ಹಿಂದಿನ ಮಡ್‌ಗಾರ್ಡಿನ ಅಂಚು ನೆಲದಿಂದ ಎಷ್ಟೆತ್ತರ ಅಂತ ಅಳೆಯಿರಿ. ಮಕ್ಕಳನ್ನು ಒಬ್ಬೊಬ್ಬರಾಗಿ ಹಿಂದೆ ಕೂರಿಸಿ ಮತ್ತೆ ಅಳೆಯಿರಿ, ಗ್ರಾಫ್ ಹಾಕಿಸಿ. ಇಳಿಯುವಾಗಲೂ ಅಳೆಯೋದು ಮರೀಬೇಡಿ: ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಗೆರೆ ಹೋದ ದಾರಿಯಲ್ಲೇ ವಾಪಸ್ ಬರೋದಿಲ್ಲ.